ಹಳೇ ಸಿಂಗಲ್ ಲಿವರ್ ಶವರ್‌ನಲ್ಲಿ ನೀರು ಉಗುರುಬೆಚ್ಚಗೇ ಬರುತ್ತಿದ್ದರೆ: ತಣ್ಣೀರು ಎಲ್ಲಿ ಸೇರುತ್ತಿದೆ ಎಂದು ಹುಡುಕುವ ಸಮಗ್ರ ಮಾರ್ಗದರ್ಶಿ

ಲಿವರನ್ನು ಕೆಂಪು ಗುರುತಿನ ಕೊನೆವರೆಗೆ ತಿರುಗಿಸಿದರೂ ನೀರು ಉಗುರುಬೆಚ್ಚಗೇ ಬಂದರೆ, ಮೂಲದಲ್ಲಿ ಕಾರಣ ಎರಡೇ. ಒಂದೋ ನೀರು ಸರಿಯಾಗಿ ಕಾಯುತ್ತಿಲ್ಲ. ಇಲ್ಲವೇ ಕಾದ ನೀರಿಗೆ ದಾರಿಯಲ್ಲಿ ಎಲ್ಲೋ ತಣ್ಣೀರು ಸೇರುತ್ತಿದೆ. ಪೈಪ್‌ನಲ್ಲಿ ಹರಿದು ಬರುವಾಗ ಆರಿಹೋಗುವ ಬಿಸಿ ಸಾಮಾನ್ಯವಾಗಿ ಒಂದೆರಡು ಡಿಗ್ರಿ ಅಷ್ಟೇ.

ಇವೆರಡರಲ್ಲಿ ಯಾವುದು ಎಂದು ತಿಳಿಯುವ ಮೊದಲೇ ಜನ ಗೀಸರ್ ಬದಲಾಯಿಸುತ್ತಾರೆ, ಕಾರ್ಟ್ರಿಡ್ಜ್ (ಲಿವರ್ ಹಿಂದೆ ಕೂತು ಬಿಸಿ, ತಣ್ಣೀರನ್ನು ಬೆರೆಸುವ ಬಿಡಿಭಾಗ) ತರುತ್ತಾರೆ, ಟೈಲ್ಸ್ ಒಡೆಸುತ್ತಾರೆ. ದಯವಿಟ್ಟು ಆ ಆತುರ ಬೇಡ. ಮೊದಲು ಅಳೆಯಿರಿ. ನೀರಿನ ಬಿಸಿ ಅಳೆಯುವ ಒಂದು ಥರ್ಮಾಮೀಟರ್ ಮತ್ತು ಒಂದು ಲೋಟ ಇದ್ದರೆ ಹುಡುಕಾಟ ಅರ್ಧ ಮುಗಿದ ಹಾಗೆ. ಅಡುಗೆಗೆ ಬಳಸುವ ಡಿಜಿಟಲ್ ಥರ್ಮಾಮೀಟರ್ ಆದರೂ ಸಾಕು. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗುವುದಿಲ್ಲ, 43 ಡಿಗ್ರಿ ಆಸುಪಾಸಿನಲ್ಲೇ ಅದರ ಅಳತೆ ಮುಗಿಯುತ್ತದೆ.

ಮೊದಲ ಕೆಲಸ: ಮೂರು ಅಳತೆ

ಗೀಸರ್ ಪೂರ್ತಿ ಕಾಯಲಿ. ಆಮೇಲೆ ಶವರ್‌ಗೆ ಹತ್ತಿರ ಇರುವ ಬೇರೆ ನಲ್ಲಿಯಲ್ಲಿ ಬರೀ ಬಿಸಿನೀರು ಬಿಡಿ. ಎರಡು ನಿಮಿಷ ಹರಿಸಿ, ಲೋಟ ತುಂಬಿಸಿ ಅಳೆಯಿರಿ. ಬಳಿಕ ಬರೀ ತಣ್ಣೀರು ಅಳೆಯಿರಿ. ಕೊನೆಗೆ ಲಿವರನ್ನು ಪೂರ್ತಿ ಬಿಸಿ ಕಡೆಗೆ ತಿರುಗಿಸಿ ಶವರ್ ನೀರು ಅಳೆಯಿರಿ. ಮೂರನ್ನೂ ಬರೆದಿಟ್ಟುಕೊಳ್ಳಿ.

ಬಿಸಿನೀರು 52 ಡಿಗ್ರಿ, ತಣ್ಣೀರು 18, ಶವರ್ ನೀರು 34 ಬಂತು ಎಂದಿಟ್ಟುಕೊಳ್ಳಿ. ಶವರ್ ನೀರಿನಿಂದ ತಣ್ಣೀರಿನ ಅಂಕಿ ಕಳೆಯಿರಿ, 16. ಬಿಸಿನೀರಿನಿಂದ ತಣ್ಣೀರಿನ ಅಂಕಿ ಕಳೆಯಿರಿ, 34. ಹದಿನಾರನ್ನು ಮೂವತ್ತನಾಲ್ಕರಿಂದ ಭಾಗಿಸಿದರೆ 0.47. ಅಂದರೆ ಶವರ್‌ನಿಂದ ಬೀಳುವ ನೀರಿನಲ್ಲಿ ಬಿಸಿನೀರು ನೂರಕ್ಕೆ 47 ಭಾಗ ಮಾತ್ರ. ಲಿವರ್ ಪೂರ್ತಿ ಬಿಸಿಗಿದ್ದರೂ ಅರ್ಧಕ್ಕಿಂತ ಜಾಸ್ತಿ ತಣ್ಣೀರೇ ಬರುತ್ತಿದೆ. ಇಂಥ ಲೆಕ್ಕ ಬಂದರೆ ಗೀಸರ್ ತಪ್ಪಿಲ್ಲ, ತೊಂದರೆ ಶವರ್ ವಾಲ್ವ್‌ನಲ್ಲಿ ಅಥವಾ ಅದಕ್ಕೆ ಬರುವ ಪೈಪ್‌ನಲ್ಲಿದೆ.

ಈ ಲೆಕ್ಕವನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ರಿಪೇರಿ ಆದ ಮೇಲೂ ಇದೇ ಲೆಕ್ಕ ಮಾಡಿದರೆ, ಎಷ್ಟು ಸರಿಹೋಯಿತು ಎಂದು ಅಂಕಿಯಲ್ಲೇ ಗೊತ್ತಾಗುತ್ತದೆ. ಮೈಗೆ ಹತ್ತುವ ಬಿಸಿಯನ್ನು ನಂಬಿದರೆ ಚಳಿಯ ದಿನ ಒಂದು ಉತ್ತರ, ಸೆಕೆಯ ದಿನ ಇನ್ನೊಂದು ಉತ್ತರ.

ಬೇರೆ ನಲ್ಲಿಯಲ್ಲೂ ನೀರು 38, 40 ಡಿಗ್ರಿ ಮಾತ್ರ ಇದ್ದರೆ? ತಕ್ಷಣ ಗೀಸರನ್ನು ದೂರಬೇಡಿ. ನೀರು ಹರಿಯುತ್ತಿರುವಾಗ ಗೀಸರ್‌ನಿಂದ ಹೊರಬರುವ ಪೈಪ್ ಎಷ್ಟು ಬಿಸಿ ಇದೆ ನೋಡಿ. ಪೈಪ್ ಲೋಹದ್ದಾಗಿದ್ದು, ಕೈ ಇಡಲಾಗದಷ್ಟು ಕಾದಿದ್ದರೂ ನಲ್ಲಿಯಲ್ಲಿ ಉಗುರುಬೆಚ್ಚಗೆ ಬರುತ್ತಿದ್ದರೆ ನಡುವೆ ತಣ್ಣೀರು ಸೇರುತ್ತಿದೆ. ಹಾಗಿದ್ದರೆ ನೇರವಾಗಿ ಬಿಸಿನೀರಿನ ಲೈನ್‌ಗೆ ತಣ್ಣೀರು ನುಗ್ಗುವ ಭಾಗಕ್ಕೆ ಹೋಗಿ. ಪೈಪ್ ಕೂಡ ಬರೀ ಬೆಚ್ಚಗಿದ್ದರೆ ಮಾತ್ರ ಗೀಸರ್ ನೋಡಿ.

ಗೀಸರ್ ಕಡೆ ಒಂದು ನೋಟ

ಥರ್ಮೋಸ್ಟಾಟ್ ಎಷ್ಟಕ್ಕೆ ಇಟ್ಟಿದೆ ನೋಡಿ. ಯಾರೋ ಕಡಿಮೆ ಮಾಡಿ ಮರೆತಿರಬಹುದು. ಮೊದಲು ಚೆನ್ನಾಗಿ ಬಿಸಿ ಬಂದು ಬೇಗನೆ ಆರುತ್ತಿದ್ದರೆ, ಎರಡು ಎಲಿಮೆಂಟ್ (ನೀರು ಕಾಯಿಸುವ ವಿದ್ಯುತ್ ಸರಳು) ಇರುವ ದೊಡ್ಡ ಟ್ಯಾಂಕ್‌ನಲ್ಲಿ ಕೆಳಗಿನ ಎಲಿಮೆಂಟ್ ಸುಟ್ಟಿರುವ ಸಾಧ್ಯತೆ ಇದೆ. ತಣ್ಣೀರನ್ನು ಟ್ಯಾಂಕ್‌ನ ತಳಕ್ಕೆ ಒಯ್ಯುವ ಒಳಕೊಳವೆ ಮುರಿದಿದ್ದರೂ ಹೀಗೇ ಆಗುತ್ತದೆ. ಆಗ ತಣ್ಣೀರು ಮೇಲ್ಭಾಗದಲ್ಲೇ ಬಿದ್ದು, ಹೊರಟಿರುವ ಬಿಸಿನೀರಿನ ಜೊತೆ ಕಲಸಿಕೊಳ್ಳುತ್ತದೆ. ಎಲಿಮೆಂಟ್ ಪರೀಕ್ಷೆ ವಿದ್ಯುತ್ ಕೆಲಸ ಗೊತ್ತಿರುವವರಿಗೇ ಬಿಡಿ.

ಟ್ಯಾಂಕ್ ಇಲ್ಲದ, ಹರಿಯುವಾಗಲೇ ಕಾಯಿಸುವ ಗೀಸರ್ ಆದರೆ ಕತೆ ಬೇರೆ. ಅದರಲ್ಲಿ ಹರಿವು ಜಾಸ್ತಿಯಾದಷ್ಟೂ ಬಿಸಿ ಕಡಿಮೆ. 6 ಕಿಲೋವ್ಯಾಟ್‌ನ ಗೀಸರ್ ನಿಮಿಷಕ್ಕೆ 6 ಲೀಟರ್ ನೀರನ್ನು ಸುಮಾರು 14 ಡಿಗ್ರಿಯಷ್ಟು ಮಾತ್ರ ಏರಿಸಬಲ್ಲದು. ಅದೇ 3 ಲೀಟರ್ ಆದರೆ 28 ಡಿಗ್ರಿ ಏರುತ್ತದೆ. ಹಾಗೆಂದು ಹರಿವು ತೀರಾ ಕಡಿಮೆಯಾದರೆ, ಅಂದರೆ ಎಷ್ಟೋ ಮಾದರಿಗಳಲ್ಲಿ ನಿಮಿಷಕ್ಕೆ ಸುಮಾರು 2ರಿಂದ 3 ಲೀಟರ್‌ಗಿಂತ ಕೆಳಗೆ ಹೋದರೆ, ಗೀಸರ್ ಹೊತ್ತಿಕೊಳ್ಳುವುದೇ ಇಲ್ಲ. ಶವರ್ ಹೆಡ್‌ನ ತೂತುಗಳಲ್ಲಿ ಬಿಳಿ ಪದರ ಕಟ್ಟಿಕೊಂಡಾಗ ಆಗುವುದು ಇದೇ. ಶವರ್ ಹೆಡ್ ಬಿಚ್ಚಿ, ಬರೀ ಪೈಪ್‌ನಿಂದ ನೀರು ಬಿಟ್ಟು ನೋಡಿ. ಬಿಸಿ ಬಂತು ಅಂದರೆ ಹೆಡ್ ತೊಳೆದರೆ ಸಾಕು.

ಟ್ಯಾಂಕ್ ಗೀಸರ್ ಇದ್ದರೂ ಈ ಪರೀಕ್ಷೆ ಮಾಡಿ. ಕಟ್ಟಿಕೊಂಡ ಹೆಡ್ ನೀರನ್ನು ಹಿಂದಕ್ಕೆ ಒತ್ತುತ್ತದೆ. ತಣ್ಣೀರಿನ ಒತ್ತಡ ಜಾಸ್ತಿ ಇದ್ದರೆ, ಆ ಇಕ್ಕಟ್ಟಿನಲ್ಲಿ ಗೆಲ್ಲುವುದು ತಣ್ಣೀರೇ.

ಲಿವರ್ ಕೆಳಗಿನ ತಡೆ: ಹೆಚ್ಚಿನವರು ನೋಡದೇ ಬಿಡುವ ಜಾಗ

ಒಂದೇ ಹಿಡಿಯ ನಲ್ಲಿಯ ಹಿಂದೆ ಬಿಸಿನೀರಿನಿಂದ ಆದ ಒಂದು ಪೆಟ್ಟಿದೆ. ಅಮೆರಿಕದ ಆಲ್ಫ್ರೆಡ್ ಮೋಯೆನ್ ಎರಡು ಹಿಡಿಯ ನಲ್ಲಿಯಲ್ಲಿ ಕೈ ಸುಟ್ಟುಕೊಂಡ ಮೇಲೆ ಇದರ ಬಗ್ಗೆ ಯೋಚಿಸತೊಡಗಿದರು. ಅವರ ನಲ್ಲಿ ಮಾರಾಟಕ್ಕೆ ಬಂದದ್ದು 1947ರಲ್ಲಿ. ಮೈ ಸುಡಬಾರದು ಎಂಬ ಆ ಕಾಳಜಿಯಿಂದಲೇ ಮುಂದೆ ಬಂದ ಅನೇಕ ವಾಲ್ವ್‌ಗಳಲ್ಲಿ ಲಿವರ್ ಕೆಳಗೆ ಪ್ಲಾಸ್ಟಿಕ್‌ನ ಹಲ್ಲುಚಕ್ರದಂಥ ಒಂದು ತಡೆ ಇರುತ್ತದೆ. ಲಿವರ್ ಬಿಸಿ ಕಡೆಗೆ ಎಷ್ಟು ದೂರ ತಿರುಗಬಹುದು ಎಂಬುದನ್ನು ಅದೇ ತೀರ್ಮಾನಿಸುತ್ತದೆ. ನಿಮ್ಮ ಕೈಗೆ ಕೊನೆ ಸಿಕ್ಕಿದ ಹಾಗೆ ಅನಿಸುತ್ತದೆ. ಆದರೆ ಅದು ವಾಲ್ವ್‌ನ ಕೊನೆಯಲ್ಲ, ಆ ತಡೆಯ ಕೊನೆ.

ಬೇಸಿಗೆಯಲ್ಲಿ ಸರಿ ಇದ್ದ ಶವರ್ ಚಳಿಗಾಲದಲ್ಲಿ ಉಗುರುಬೆಚ್ಚಗಾಗಲು ಇದೇ ದೊಡ್ಡ ಕಾರಣ. ತಡೆ ಇರುವ ಜಾಗದಲ್ಲಿ ನೂರಕ್ಕೆ 60 ಭಾಗ ಬಿಸಿನೀರು ಸೇರುತ್ತದೆ ಎಂದುಕೊಳ್ಳಿ. ಗೀಸರ್ ನೀರು 50 ಡಿಗ್ರಿ. ತಣ್ಣೀರು 25 ಡಿಗ್ರಿ ಇರುವಾಗ ಶವರ್‌ನಲ್ಲಿ 40 ಡಿಗ್ರಿ ಬರುತ್ತದೆ, ಸ್ನಾನಕ್ಕೆ ಹದವಾದ ಬಿಸಿ. ತಣ್ಣೀರು 12 ಡಿಗ್ರಿಗೆ ಇಳಿದರೆ ಅದೇ ತಡೆ, ಅದೇ ಗೀಸರ್, ಆದರೆ ಬರುವುದು 35ಕ್ಕೂ ಸ್ವಲ್ಪ ಕಡಿಮೆ. ಏನೂ ಕೆಟ್ಟಿಲ್ಲ. ತಡೆಯನ್ನು ಒಂದೆರಡು ಹಲ್ಲು ಸರಿಸಿದರೆ ಮುಗಿಯಿತು.

ಸರಿಸುವ ಬಗೆ ಹೀಗೆ. ಕೆಳಗಿನ ಮೋರಿಯ ಜಾಲಿ ಮೇಲೆ ಬಟ್ಟೆ ಹಾಸಿ, ಇಲ್ಲದಿದ್ದರೆ ಸ್ಕ್ರೂ ಒಳಗೆ ಬೀಳುತ್ತದೆ. ಕೆಂಪು ನೀಲಿ ಗುರುತಿನ ಸಣ್ಣ ಮುಚ್ಚಳವನ್ನು ತೆಳ್ಳಗಿನ ಚಪ್ಪಟೆ ಮೊನೆಯಿಂದ ಮೆಲ್ಲಗೆ ಎಬ್ಬಿಸಿ. ಒಳಗೆ ಅಲೆನ್ ಸ್ಕ್ರೂ (ತಲೆಯಲ್ಲಿ ಆರು ಮೂಲೆಯ ಗುಳಿ ಇರುವುದು) ಇಲ್ಲವೇ ಸ್ಟಾರ್ ಸ್ಕ್ರೂ ಇರುತ್ತದೆ. ಅಲೆನ್ ಆದರೆ 2.5 ಅಥವಾ 3 ಮಿಲಿಮೀಟರ್ ಕೀ ಸಾಮಾನ್ಯವಾಗಿ ಹೊಂದುತ್ತದೆ. ಲಿವರ್ ತೆಗೆದ ಕೂಡಲೇ ಫೋನಿನಲ್ಲಿ ಒಂದು ಫೋಟೋ ತೆಗೆಯಿರಿ. ತಡೆಯ ಉಂಗುರ ಕಾಣಿಸುತ್ತದೆ. ಅದನ್ನು ಸ್ವಲ್ಪ ಹೊರಕ್ಕೆ ಎಳೆದು, ಒಂದು ಹಲ್ಲು ಬಿಸಿ ಕಡೆಗೆ ತಿರುಗಿಸಿ, ಮತ್ತೆ ಕೂರಿಸಿ. ಲಿವರನ್ನು ಸುಮ್ನೆ ಸಿಕ್ಕಿಸಿ ನೀರು ಬಿಟ್ಟು ಅಳೆಯಿರಿ. ಒಂದೊಂದೇ ಹಲ್ಲು, ಪ್ರತಿ ಸಲ ಅಳತೆ.

ಲಿವರ್ ಪೂರ್ತಿ ಬಿಸಿಗಿಟ್ಟಾಗ ನೀರು 49 ಡಿಗ್ರಿ ದಾಟಬಾರದು. ಮಕ್ಕಳು, ವಯಸ್ಸಾದವರು ಇರುವ ಮನೆಯಲ್ಲಿ ಇನ್ನೂ ಕಡಿಮೆ ಇಡಿ. 49 ಡಿಗ್ರಿಯಲ್ಲಿ ಚರ್ಮ ಸುಡಲು ನಿಮಿಷಗಳೇ ಬೇಕು. 60 ಡಿಗ್ರಿಯಲ್ಲಿ ಕೆಲವೇ ಸೆಕೆಂಡ್ ಸಾಕು. ಉಂಗುರವನ್ನು ಪೂರ್ತಿ ಕಿತ್ತು ಬಿಸಾಡುವವರೂ ಇದ್ದಾರೆ. ಅದನ್ನು ಮಾಡಲೇಬೇಡಿ. ಜಾರಿ ಬೀಳುವಾಗ ಕೈ ಹಿಡಿಯುವುದು ಆ ಲಿವರನ್ನೇ.

ಸ್ನಾನಕ್ಕೆ ಬಿಸಿ ಸಾಲದು ಎಂದು ಗೀಸರ್ ಥರ್ಮೋಸ್ಟಾಟನ್ನು ಸುಮ್ಮನೆ ಏರಿಸುವುದೂ ಸರಿಯಲ್ಲ. ಮನೆಯ ಬೇರೆಲ್ಲ ನಲ್ಲಿಗಳಲ್ಲೂ ಸುಡುವ ನೀರು ಬರುತ್ತದೆ. ತೀರಾ ಇಳಿಸುವುದೂ ಬೇಡ. ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ 25ರಿಂದ 45 ಡಿಗ್ರಿಯ ನಡುವೆ ಚೆನ್ನಾಗಿ ಬೆಳೆಯುತ್ತದೆ. ಟ್ಯಾಂಕ್‌ನಲ್ಲಿ 60 ಡಿಗ್ರಿಯಷ್ಟು ಬಿಸಿ ಇಟ್ಟು, ನಲ್ಲಿ ತಲುಪುವ ಮೊದಲು ತಣ್ಣೀರು ಬೆರೆಸುವ ಮಿಕ್ಸಿಂಗ್ ವಾಲ್ವ್ ಹಾಕಿ ತಣಿಸುವುದು ಈ ಎರಡೂ ಅಪಾಯಕ್ಕೆ ಒಳ್ಳೆಯ ದಾರಿ.

ಬಿಸಿನೀರಿನ ಲೈನ್‌ಗೆ ತಣ್ಣೀರು ನುಗ್ಗುತ್ತಿದೆಯೇ?

ಅನುಭವಿ ಪ್ಲಂಬರ್‌ಗಳನ್ನೂ ಸತಾಯಿಸುವ ತೊಂದರೆ ಇದು. ಸಿಂಗಲ್ ಲಿವರ್ ವಾಲ್ವ್‌ನ ಒಳಗೆ ಬಿಸಿ, ತಣ್ಣೀರು ಎರಡೂ ಒಂದೇ ಗೂಡಿಗೆ ಬರುತ್ತವೆ. ನಡುವಿನ ರಬ್ಬರ್ ಸೀಲ್ ಸವೆದರೆ, ಒತ್ತಡ ಜಾಸ್ತಿ ಇರುವ ತಣ್ಣೀರು ಬಿಸಿನೀರಿನ ಪೈಪ್‌ಗೆ ನುಗ್ಗುತ್ತದೆ. ಹೊರಗೆ ಒಂದು ಹನಿಯೂ ಸೋರುವುದಿಲ್ಲ. ನಲ್ಲಿ ಬಂದ್ ಇದ್ದರೂ ಒಳಗೊಳಗೇ ಇದು ನಡೆಯುತ್ತಿರಬಹುದು. ಇನ್ನೊಂದು ಮಾತು: ಹೀಗೆ ಸೋರುವ ವಾಲ್ವ್ ಶವರ್‌ನದ್ದೇ ಆಗಬೇಕೆಂದಿಲ್ಲ. ವಾಶ್ ಬೇಸಿನ್‌ನ ಮಿಕ್ಸರ್, ಬಿಸಿ ತಣ್ಣೀರು ಎರಡೂ ಕೊಟ್ಟಿರುವ ವಾಷಿಂಗ್ ಮೆಷಿನ್, ಯಾವುದರಲ್ಲಾದರೂ ಇರಬಹುದು.

ಇದನ್ನು ಹಿಡಿಯಲು ಸುಲಭದ ಪರೀಕ್ಷೆ ಇದೆ. ಮೊದಲು ಗೀಸರ್‌ನ ಸ್ವಿಚ್ ಅಥವಾ ಗ್ಯಾಸ್ ಬಂದ್ ಮಾಡಿ. ಗೀಸರ್‌ಗೆ ತಣ್ಣೀರು ಹೋಗುವ ವಾಲ್ವ್ ಮುಚ್ಚಿ. ಈಗ ಒಂದು ಬಿಸಿನೀರಿನ ನಲ್ಲಿ ತೆರೆಯಿರಿ. ಬಿಸಿ, ತಣ್ಣೀರಿಗೆ ಬೇರೆ ಬೇರೆ ನಲ್ಲಿ ಇರುವ ಕಡೆ ಮಾಡಿದರೆ ಒಳ್ಳೆಯದು. ಪೈಪ್‌ನಲ್ಲಿದ್ದ ನೀರು ಸ್ವಲ್ಪ ಹೊತ್ತು ಹರಿದು ನಿಲ್ಲಬೇಕು. ನಿಲ್ಲದೆ ಹರಿಯುತ್ತಲೇ ಇದ್ದು, ಅದೂ ತಣ್ಣಗೆ ಬರುತ್ತಿದ್ದರೆ, ಯಾವುದೋ ಮಿಕ್ಸರ್ ಮೂಲಕ ತಣ್ಣೀರು ದಾಟುತ್ತಿದೆ. ಹರಿಯುವ ನೀರು ಬಿಸಿಯಾಗಿಯೇ ಇದ್ದರೆ ಗೀಸರ್‌ನ ವಾಲ್ವ್ ಪೂರ್ತಿ ಮುಚ್ಚಿಕೊಂಡಿಲ್ಲ ಎಂದರ್ಥ. ಮೊದಲು ಅದನ್ನು ಸರಿಮಾಡಿ ಮತ್ತೆ ನೋಡಿ.

ದಾಟುತ್ತಿರುವುದು ಖಚಿತವಾದರೆ ನಲ್ಲಿ ತೆರೆದೇ ಇಟ್ಟು, ಬೇಸಿನ್‌ಗಳ ಕೆಳಗೆ, ವಾಷಿಂಗ್ ಮೆಷಿನ್ ಬಳಿ ಇರುವ ಆಂಗಲ್ ಕಾಕ್‌ಗಳನ್ನು (ಗೋಡೆಯಲ್ಲಿರುವ ನೀರು ನಿಲ್ಲಿಸುವ ಸಣ್ಣ ವಾಲ್ವ್‌ಗಳು) ಒಂದೊಂದಾಗಿ ಮುಚ್ಚುತ್ತಾ ಹೋಗಿ. ಯಾವುದನ್ನು ಮುಚ್ಚಿದಾಗ ಹರಿವು ನಿಲ್ಲುತ್ತದೋ ಅಲ್ಲೇ ಕಳ್ಳ ಇದ್ದಾನೆ. ಎಲ್ಲವನ್ನೂ ಮುಚ್ಚಿದರೂ ನಿಲ್ಲದಿದ್ದರೆ ಉಳಿಯುವುದು ಶವರ್ ವಾಲ್ವ್.

ಇಲ್ಲಿ ಒಂದು ಅಭ್ಯಾಸದ ಬಗ್ಗೆ ಹೇಳಲೇಬೇಕು. ಕೈಶವರ್‌ನ ತುದಿಯಲ್ಲಿರುವ ಬಟನ್‌ನಿಂದ ನೀರು ನಿಲ್ಲಿಸಿ, ಮಿಕ್ಸರನ್ನು ತೆರೆದೇ ಬಿಡುವುದು. ಆಗ ಬಿಸಿ, ತಣ್ಣೀರಿನ ಪೈಪ್‌ಗಳ ನಡುವೆ ದಾರಿ ತೆರೆದೇ ಇರುತ್ತದೆ. ವಾಲ್ವ್ ಹೊಸದಾಗಿದ್ದರೂ ತಣ್ಣೀರು ದಾಟುತ್ತದೆ. ಮಿಕ್ಸರ್ ಬಂದ್ ಮಾಡುವುದನ್ನು ರೂಢಿ ಮಾಡಿಕೊಂಡರೆ ಯಾವ ರಿಪೇರಿಯೂ ಬೇಡ.

ಕಾರ್ಟ್ರಿಡ್ಜ್ ಹೊರತೆಗೆಯುವುದು

ಶವರ್ ವಾಲ್ವ್ ಮೇಲೆ ಅನುಮಾನ ಗಟ್ಟಿಯಾದ ಮೇಲಷ್ಟೇ ಈ ಹಂತ. ಗೀಸರ್ ಬಂದ್ ಮಾಡಿ, ಬಿಸಿನೀರು ಸ್ವಲ್ಪ ಹರಿಸಿ ತಣಿಯಲು ಬಿಡಿ. ಮನೆಯ ಮೇನ್ ವಾಲ್ವ್ ಮುಚ್ಚಿ. ಕೆಲವು ಶವರ್ ವಾಲ್ವ್‌ಗಳಲ್ಲಿ ಕವರ್ ಪ್ಲೇಟ್‌ನ ಹಿಂದೆ, ಎರಡೂ ಬದಿಗೆ ಸ್ಕ್ರೂ ತಲೆಯ ಸಣ್ಣ ವಾಲ್ವ್ ಇರುತ್ತವೆ. ಅವು ಇದ್ದರೆ ಮನೆಯ ನೀರೆಲ್ಲ ನಿಲ್ಲಿಸಬೇಕಿಲ್ಲ. ಹಾಗೇ, ಬಿಸಿ ಬದಿಯ ಸಣ್ಣ ವಾಲ್ವ್ ಪೂರ್ತಿ ತೆರೆದಿತ್ತೇ ಎಂದು ಮೊದಲೇ ನೋಡಿಬಿಡಿ. ಹಿಂದೆ ಯಾರೋ ರಿಪೇರಿ ಮಾಡಿ ಅರ್ಧ ತೆರೆದು ಹೋಗಿದ್ದರೆ ತೊಂದರೆಯೆಲ್ಲ ಅದರದ್ದೇ. ಕೆಳಗಿನ ಮಟ್ಟದ ಒಂದು ನಲ್ಲಿ ತೆರೆದು ಪೈಪ್‌ನ ನೀರು ಖಾಲಿ ಮಾಡಿ.

ಲಿವರ್, ಕವರ್ ಪ್ಲೇಟ್ ತೆಗೆದ ಮೇಲೆ ಕಾಣುವುದು ಹಿತ್ತಾಳೆಯ ದೊಡ್ಡ ನಟ್ ಅಥವಾ ಯು ಆಕಾರದ ಕ್ಲಿಪ್. ಕ್ಲಿಪ್ಪನ್ನು ಪ್ಲೈಯರ್‌ನಿಂದ ನೇರ ಮೇಲಕ್ಕೆ ಎಳೆಯಿರಿ. ನಟ್ ಬಿಚ್ಚುವಾಗ ಗೋಡೆಯ ಒಳಗಿನ ವಾಲ್ವ್ ಬಾಡಿಯನ್ನು ಇನ್ನೊಂದು ಸ್ಪ್ಯಾನರ್‌ನಿಂದ ಹಿಡಿದುಕೊಳ್ಳಿ. ಇದನ್ನು ಬಿಟ್ಟರೆ ಬಾಡಿಯೇ ತಿರುಗಿ, ಒಳಗಿನ ಪೈಪ್ ಜಾಯಿಂಟ್ ಬಿರಿಯುತ್ತದೆ. ಆಮೇಲೆ ಟೈಲ್ಸ್ ಒಡೆಯದೇ ದಾರಿ ಇಲ್ಲ.

ಕಾರ್ಟ್ರಿಡ್ಜ್‌ನ ಮೇಲ್ಭಾಗ ಯಾವ ಕಡೆಗಿತ್ತು ಎಂದು ಮಾರ್ಕರ್‌ನಿಂದ ಗುರುತು ಮಾಡಿ. ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪ ತಿರುವುತ್ತಾ ಹೊರಗೆಳೆಯಿರಿ. ಹಳೆಯದಾದರೆ ಸುಣ್ಣದ ಪದರದಿಂದ ಕಚ್ಚಿಕೊಂಡಿರುತ್ತದೆ. ಬಿಸಿ ವಿನೆಗರ್‌ನಲ್ಲಿ ನೆನೆಸಿದ ಬಟ್ಟೆ ಸುತ್ತಿ ಒಂದು ಗಂಟೆ ಬಿಡಿ, ಮತ್ತೆ ಪ್ರಯತ್ನಿಸಿ. ಆಗಲೂ ಬಾರದಿದ್ದರೆ ಆ ಮಾದರಿಗೆಂದೇ ಇರುವ ಕಾರ್ಟ್ರಿಡ್ಜ್ ಪುಲ್ಲರ್ ಬೇಕು. ಬಲ ಹಾಕಿ ಎಳೆದರೆ ನಡುವಿನ ಕಡ್ಡಿ ಮಾತ್ರ ಕೈಗೆ ಬಂದು, ಹೊರಕವಚ ಒಳಗೇ ಉಳಿಯುತ್ತದೆ.

ಹೊರಬಂದದ್ದರಲ್ಲಿ ಸ್ಲಾಟ್ ಇರುವ ಒಂದು ಗುಂಡು ಕಂಡರೆ ಅದು ಬಾಲ್ ಮಾದರಿ. ಅದರ ಕೆಳಗೆ ಎರಡು ರಬ್ಬರ್ ಸೀಟ್, ಅವುಗಳೊಳಗೆ ಎರಡು ಸ್ಪ್ರಿಂಗ್ ಇರುತ್ತವೆ. ಗುಂಡು ಚೆನ್ನಾಗಿದ್ದರೆ ಸೀಟ್, ಸ್ಪ್ರಿಂಗ್ ಮಾತ್ರ ಹೊಸದು ಹಾಕಿದರೆ ಸಾಕು. ಸೆರಾಮಿಕ್ ಡಿಸ್ಕ್ ಮಾದರಿಯಾದರೆ ಅಡ್ಡಳತೆ ನೋಡಿ. 35 ಮತ್ತು 40 ಮಿಲಿಮೀಟರ್‌ನವು ಹೆಚ್ಚು ಬಳಕೆಯಲ್ಲಿವೆ. ಉದ್ದ, ತಳದ ಮೂರು ತೂತುಗಳ ಜಾಗ, ಮೇಲಿನ ಕಡ್ಡಿಯ ಆಕಾರ ಎಲ್ಲವೂ ಹೊಂದಬೇಕು. ಹಳೆಯದನ್ನು ಕೈಯಲ್ಲೇ ಹಿಡಿದು ಅಂಗಡಿಗೆ ಹೋಗುವುದು ವಾಸಿ.

ಹೊಸದು ಹಾಕುವ ಮೊದಲು ಒಂದು ಪರೀಕ್ಷೆ ಬಾಕಿ ಇದೆ, ದಯವಿಟ್ಟು ಬಿಡಬೇಡಿ. ಖಾಲಿ ಗೂಡಿನ ಎದುರು ಬಕೆಟ್ ಹಿಡಿದು, ಇನ್ನೊಬ್ಬರಿಂದ ಮೇನ್ ವಾಲ್ವನ್ನು ಮೆಲ್ಲಗೆ ಕೆಲವು ಸೆಕೆಂಡ್ ತೆರೆಸಿ. ಬಿಸಿ, ತಣ್ಣೀರಿನ ತೂತುಗಳಿಂದ ನೀರು ಚಿಮ್ಮುತ್ತದೆ. ಎರಡೂ ಹೆಚ್ಚುಕಡಿಮೆ ಒಂದೇ ಜೋರಿನಲ್ಲಿ ಬಂದರೆ ಪೈಪ್ ಚೆನ್ನಾಗಿದೆ. ಬಿಸಿ ಕಡೆ ಸಣ್ಣಗೆ ಬಂದರೆ ಎಷ್ಟು ಹೊಸ ಕಾರ್ಟ್ರಿಡ್ಜ್ ಹಾಕಿದರೂ ಪ್ರಯೋಜನ ಇಲ್ಲ. ಹಳೇ ಜಿಐ ಪೈಪ್ (ಸತು ಲೇಪಿಸಿದ ಕಬ್ಬಿಣದ ಪೈಪ್) ಒಳಗೆ ತುಕ್ಕು ಕಟ್ಟಿಕೊಂಡಿರಬಹುದು, ಗೀಸರ್‌ನ ವಾಲ್ವ್ ಅರ್ಧ ಮುಚ್ಚಿರಬಹುದು. ಈ ನೀರು ಒಳಗಿದ್ದ ಮರಳು, ರಬ್ಬರ್ ಚೂರುಗಳನ್ನೂ ಹೊರದೂಡುತ್ತದೆ.

ಒತ್ತಡ ಸಮ ಮಾಡುವ ಸ್ಪೂಲ್

ಕೆಲವು ವಾಲ್ವ್‌ಗಳಲ್ಲಿ, ಕಾರ್ಟ್ರಿಡ್ಜ್‌ನ ಒಳಗೋ ಅದರ ಪಕ್ಕದಲ್ಲೋ ಒಂದು ಸಣ್ಣ ಸ್ಪೂಲ್, ಅಂದರೆ ಹಿಂದೆ ಮುಂದೆ ಜಾರುವ ಉರುಳೆ, ಇರುತ್ತದೆ. ಅದರ ಕೆಲಸ ತಕ್ಕಡಿಯದ್ದು. ಒಂದು ಕಡೆ ಒತ್ತಡ ಇಳಿದರೆ ಇನ್ನೊಂದು ಕಡೆಯ ನೀರನ್ನೂ ತಡೆದು ಎರಡನ್ನೂ ಸಮ ಮಾಡುತ್ತದೆ. ಮನೆಯಲ್ಲಿ ಯಾರೋ ಫ್ಲಶ್ ಮಾಡಿದಾಗ ಸ್ನಾನ ಮಾಡುವವರ ಮೈ ಸುಡದಿರುವುದು ಇದರಿಂದ. ಗಡಸು ನೀರಿನ ಪದರ ಅಥವಾ ಒಂದು ಮರಳಿನ ಕಣ ಸಿಕ್ಕಿಕೊಂಡರೆ ಸ್ಪೂಲ್ ಅಲುಗುವುದಿಲ್ಲ. ಬಿಸಿನೀರಿನ ದಾರಿ ಮುಚ್ಚಿದ ಸ್ಥಿತಿಯಲ್ಲೇ ನಿಂತುಬಿಟ್ಟರೆ ಎಷ್ಟು ತಿರುಗಿಸಿದರೂ ಉಗುರುಬೆಚ್ಚಗಿನ ನೀರೇ ಗತಿ. ನೀರಿನ ಲೈನ್ ರಿಪೇರಿಯಾದ ಮರುದಿನವೇ ತೊಂದರೆ ಶುರುವಾಗಿದ್ದರೆ ನನ್ನ ಮೊದಲ ಅನುಮಾನ ಇದರ ಮೇಲೆ.

ಸ್ಪೂಲ್ ಇರುವ ಬಿಡಿಭಾಗವನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ಟಕ್ ಟಕ್ ಎಂದು ಸದ್ದು ಬರಬೇಕು. ಬಾರದಿದ್ದರೆ ವಿನೆಗರ್‌ನಲ್ಲಿ ಕೆಲವು ಗಂಟೆ ನೆನೆಸಿ, ಮರದ ಮೇಲೆ ಮೆಲ್ಲಗೆ ತಟ್ಟಿ, ನೀರಿನಲ್ಲಿ ತೊಳೆದು ಮತ್ತೆ ಅಲ್ಲಾಡಿಸಿ. ಸ್ಕ್ರೂಡ್ರೈವರ್‌ನಿಂದ ಒಳಗೆ ಕೆದಕಬೇಡಿ. ಒಂದು ಗೀರು ಬಿದ್ದರೂ ಮತ್ತೆ ಸಿಕ್ಕಿಕೊಳ್ಳುತ್ತದೆ. ಬಿಡದಿದ್ದರೆ ಬದಲಾಯಿಸಿ.

ಮರುಜೋಡಣೆ

ಗೂಡಿನ ಒಳಗೋಡೆಯನ್ನು ಬಟ್ಟೆಯಿಂದ ಒರೆಸಿ. ಓ-ರಿಂಗ್‌ಗಳಿಗೆ (ಕಾರ್ಟ್ರಿಡ್ಜ್ ಸುತ್ತಲಿನ ರಬ್ಬರ್ ಬಳೆಗಳು) ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚಿ. ಪೆಟ್ರೋಲಿಯಂ ಜೆಲ್ಲಿ ಬೇಡ, ನಲ್ಲಿಗಳಲ್ಲಿ ಬಳಸುವ ಕೆಲವು ರಬ್ಬರ್ ಅದರಿಂದ ಉಬ್ಬಿ ಕೆಡುತ್ತದೆ. ಮೊದಲು ಮಾಡಿದ ಗುರುತಿಗೆ ಸರಿಯಾಗಿ ಕೂರಿಸಿ. ಕೆಲವು ಮಾದರಿಗಳಲ್ಲಿ ಕಾರ್ಟ್ರಿಡ್ಜ್ 180 ಡಿಗ್ರಿ ತಿರುಗಿ ಕೂತರೆ ಬಿಸಿ ಇರಬೇಕಾದಲ್ಲಿ ತಣ್ಣೀರು, ತಣ್ಣೀರು ಇರಬೇಕಾದಲ್ಲಿ ಬಿಸಿ ಬರುತ್ತದೆ. ಹಾಗಾದರೆ ಗಾಬರಿ ಬೇಡ, ತಿರುಗಿಸಿ ಹಾಕಿದರಾಯಿತು. ಕ್ಲಿಪ್ ಪೂರ್ತಿ ಒಳಗೆ ಕೂತಿದೆ ಎಂದು ಎರಡು ಸಲ ನೋಡಿ. ಅರೆಬರೆ ಕೂತರೆ ಒತ್ತಡಕ್ಕೆ ಕಾರ್ಟ್ರಿಡ್ಜ್ ಹಾರಿ ಹೊರಬರುತ್ತದೆ.

ಮೇನ್ ವಾಲ್ವನ್ನು ನಿಧಾನವಾಗಿ ತೆರೆಯಿರಿ. ಟ್ಯಾಂಕ್ ಗೀಸರ್ ಆದರೆ ಬಿಸಿನೀರಿನ ನಲ್ಲಿಯಲ್ಲಿ ಗಾಳಿ ಹೋಗಿ ನೀರು ಒಂದೇ ಸಮನೆ ಬಂದ ಮೇಲಷ್ಟೇ ಸ್ವಿಚ್ ಹಾಕಿ. ನೀರಿಲ್ಲದ ಟ್ಯಾಂಕ್‌ನಲ್ಲಿ ಎಲಿಮೆಂಟ್ ಬೇಗ ಸುಟ್ಟುಹೋಗುತ್ತದೆ. ಕವರ್ ಪ್ಲೇಟ್ ಹಾಕುವ ಮುಂಚೆ ಒಂದಿಷ್ಟು ಹೊತ್ತು ಒಳಗೆ ಒಣಗಿದೆಯೇ, ಎಲ್ಲಾದರೂ ಒಸರುತ್ತಿದೆಯೇ ಎಂದು ಟಾರ್ಚ್ ಹಾಕಿ ನೋಡಿ.

ಹೊಸ ಕಾರ್ಟ್ರಿಡ್ಜ್‌ನ ಬಿಸಿ ತಡೆ ಕಾರ್ಖಾನೆಯಿಂದ ಬಂದ ಜಾಗದಲ್ಲೇ ಇರುತ್ತದೆ. ಅದನ್ನು ಮತ್ತೆ ನಿಮ್ಮ ಮನೆಗೆ ಹೊಂದಿಸಿ, ಮೂರು ಅಳತೆ ತೆಗೆದು ಲೆಕ್ಕ ಮಾಡಿ. ಬಿಸಿನೀರಿನ ಪಾಲು ಜಾಸ್ತಿಯಾಗಿದ್ದರೆ ಕೆಲಸ ಮುಗಿಯಿತು.

ಪಾಲು ಅಲ್ಲೇ ಇದ್ದರೆ, ಅಥವಾ ವಾಲ್ವ್ ಬಾಡಿಯ ಒಳಗೋಡೆಯಲ್ಲೇ ಗುಳಿ ಬಿದ್ದು ಹೊಸ ಸೀಲ್ ಕೂಡ ಕೂರದಿದ್ದರೆ, ಬಿಡಿಭಾಗಕ್ಕೆ ಇನ್ನು ಖರ್ಚು ಮಾಡಬೇಡಿ. ಬಾಡಿಯನ್ನೇ ಬದಲಾಯಿಸಬೇಕು, ಅದು ಪ್ಲಂಬರ್ ಕೆಲಸ. ಗೋಡೆಯ ಹಿಂಬದಿಯಲ್ಲಿ ಕಪಾಟೋ ಬೇರೆ ಕೋಣೆಯೋ ಇದ್ದರೆ ಆ ಕಡೆಯಿಂದ ತೆರೆಯಲು ಆಗುತ್ತದೆಯೇ ಎಂದು ಕೇಳಿ. ಎಷ್ಟೋ ಸಲ ಬಚ್ಚಲಿನ ಟೈಲ್ಸ್ ಮುಟ್ಟದೆಯೇ ಈ ಕೆಲಸ ಆಗುತ್ತದೆ. ಹೊಸ ವಾಲ್ವ್ ಆರಿಸುವಾಗ ಒತ್ತಡ ಸಮ ಮಾಡುವ ಸ್ಪೂಲ್ ಮತ್ತು ಎರಡೂ ಬದಿಗೆ ನೀರು ನಿಲ್ಲಿಸುವ ಸಣ್ಣ ವಾಲ್ವ್ ಇರುವುದನ್ನೇ ಕೇಳಿ ಹಾಕಿಸಿ.